ಬಾರದವರ ಪಟ್ಟಿ: ಹಳ್ಳಿಯ ಉಪಕೇಂದ್ರದಲ್ಲಿ ರಕ್ತದೊತ್ತಡ ಹತೋಟಿಗೆ ಬರುವ ಬಗೆ

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನ ನಮ್ಮೂರಿನ ಆರೋಗ್ಯ ಉಪಕೇಂದ್ರದಲ್ಲಿ ನನ್ನ ಕಾಕಾನ ಹೆಸರಿನ ಒಂದು ಚಿಕಿತ್ಸಾ ಕಾರ್ಡು ಇದೆ. ದಿನಾಂಕ, ರಕ್ತದೊತ್ತಡ, ಕೊಟ್ಟ ಮಾತ್ರೆ, ಮತ್ತೆ ಬರಬೇಕಾದ ದಿನ ಎಂಬ ಅಂಕಣಗಳಿರುವ ಆ ದಪ್ಪ ಕಾಗದದ ಮೇಲೆ ಆಗಸ್ಟ್‌ನಲ್ಲಿ 172/104 ಎಂದು ಶುರುವಾದ ಅಂಕಿ ಡಿಸೆಂಬರ್ ಹೊತ್ತಿಗೆ 136/84ಕ್ಕೆ ಇಳಿದಿದೆ. ಆಮೇಲಿನ ಆರು ಸಾಲು ಖಾಲಿ. ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ, ತೊಗರಿ ರಾಶಿ ಮುಗಿಸಿ, ಕಾಕಾ ಮನೆಮಂದಿಯನ್ನು ಕಟ್ಟಿಕೊಂಡು ಪುಣೆಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗಿದ್ದರು. ಜೊತೆಗೆ ಒಯ್ದ ಮಾತ್ರೆ ಹದಿನೈದು ದಿನಕ್ಕೆ ಮುಗಿದವು. ತಲೆ ನೋಯುತ್ತಿರಲಿಲ್ಲ, ಮೈ ಹಗುರಾಗಿತ್ತು. ಹಾಗಾಗಿ ಮತ್ತೆ ಕೊಳ್ಳಲಿಲ್ಲ. ಕಾರಹುಣ್ಣಿಮೆಗೆ ಊರಿಗೆ ಬಂದ ವಾರದಲ್ಲೇ ಎಡಗೈ, ಎಡಗಾಲು ಬಿದ್ದುಹೋದವು. "ಲಕ್ವಾ ಹೊಡೀತು" ಎಂದು ಊರೆಲ್ಲ ಮಾತಾಡಿತು. ಕಾರ್ಡಿನ ಮೇಲೆ ಮಾತ್ರ ಅದರ ಸುಳಿವೂ ಇರಲಿಲ್ಲ.

ಆ ಆರು ಖಾಲಿ ಸಾಲುಗಳನ್ನು ಯಾರು ನೋಡಬೇಕಿತ್ತು, ಯಾವಾಗ ನೋಡಬೇಕಿತ್ತು, ನೋಡಿದ ಮೇಲೆ ಏನು ಮಾಡಬೇಕಿತ್ತು ಎಂಬುದನ್ನು ಮೊದಲೇ ಗೊತ್ತುಮಾಡಿ ಇಟ್ಟಿರುವ ಏರ್ಪಾಡಿಗೇ ಪ್ರಾಥಮಿಕ ಆರೋಗ್ಯ ಹಂತದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ಎಂದು ಹೆಸರು. ಕಾರ್ಯಕ್ರಮ ಎಂದೊಡನೆ ಶಾಮಿಯಾನ, ಬ್ಯಾನರು, ಒಂದು ದಿನದ ಉಚಿತ ತಪಾಸಣಾ ಶಿಬಿರ ಕಣ್ಣಮುಂದೆ ಬರುವುದು ನಮ್ಮ ಕಡೆ ಸಹಜವಾದರೂ, ಶಿಬಿರದಲ್ಲಿ ನೂರು ಜನರ ಒತ್ತಡ ಅಳೆದು ಚೀಟಿ ಕೊಟ್ಟು ಕಳಿಸಿದ ಮಾತ್ರಕ್ಕೆ ಯಾರ ಒತ್ತಡವೂ ಇಳಿಯುವುದಿಲ್ಲ. ಅಳೆದ ದಿನದಿಂದ ಹತ್ತು ವರ್ಷದವರೆಗೆ ಪ್ರತಿ ತಿಂಗಳೂ ನಡೆಯಬೇಕಾದ ಬೇಸರ ಬರಿಸುವಂಥ ಕೆಲಸವೇ ಇಲ್ಲಿಯ ಚಿಕಿತ್ಸೆ.

ರಕ್ತ ಹರಿಯುವಾಗ ನಾಳದ ಗೋಡೆಯ ಮೇಲೆ ಬೀಳುವ ಒತ್ತಡವನ್ನು ಎರಡು ಅಂಕಿಗಳಲ್ಲಿ ಹೇಳುತ್ತಾರೆ. ಹೃದಯ ಹಿಂಡಿದಾಗಿನದು ಮೇಲಿನ ಅಂಕಿ, ಸಡಿಲಾದಾಗಿನದು ಕೆಳಗಿನ ಅಂಕಿ. ಬೇರೆ ಬೇರೆ ದಿನ ಸರಿಯಾಗಿ ಅಳೆದಾಗಲೂ ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿದ್ದರೆ ಅದನ್ನು ಅಧಿಕ ರಕ್ತದೊತ್ತಡವೆಂದು ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ ಪರಿಗಣಿಸುತ್ತಾರೆ. ನಲವತ್ತರಿಂದ ಎಪ್ಪತ್ತರೊಳಗಿನ ವಯಸ್ಸಿನಲ್ಲಿ, ಮೇಲಿನ ಅಂಕಿ 115ರಿಂದ ಆಚೆಗೆ ಪ್ರತಿ 20 ಏರಿದಾಗಲೂ ಪಾರ್ಶ್ವವಾಯು ಮತ್ತು ಹೃದ್ರೋಗದಿಂದ ಸಾಯುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಹತ್ತು ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟವಾದ ವಿಶ್ಲೇಷಣೆಯಿಂದ ತಿಳಿದುಬಂದ ಮಾತು. ಔಷಧದಿಂದ ಮೇಲಿನ ಅಂಕಿಯನ್ನು 10ರಷ್ಟು ಇಳಿಸಿದರೆ ಪಾರ್ಶ್ವವಾಯುವಿನ ಸಂಭವ ಕಾಲು ಭಾಗಕ್ಕಿಂತ ತುಸು ಹೆಚ್ಚೇ ತಗ್ಗುತ್ತದೆ. ಇಷ್ಟೆಲ್ಲ ಹಾನಿ ಮಾಡುವ ರೋಗ ಮೈಯಲ್ಲಿ ಇದೆಯೆಂಬುದೇ ಬಹುಪಾಲು ಜನರಿಗೆ ಗೊತ್ತಾಗುವುದಿಲ್ಲ. ತಲೆ ತಿರುಗಿದರೆ "ಬಿಪಿ ಹೆಚ್ಚಾಗ್ಯದ" ಎಂದೂ, ತಿರುಗದಿದ್ದರೆ "ಬಿಪಿ ಕಡಿಮಿ ಅದ" ಎಂದೂ ಲೆಕ್ಕ ಹಾಕುವ ನಮ್ಮ ರೂಢಿ ಎರಡು ಕಡೆಯಿಂದಲೂ ತಪ್ಪು. ಯಂತ್ರ ಹೇಳದ ಹೊರತು ಒತ್ತಡದ ಸುದ್ದಿಯನ್ನು ಮೈ ಹೇಳುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟಿಸಿದ ಅಂಕಿಗಳ ಪ್ರಕಾರ ದೇಶದ ವಯಸ್ಕರಲ್ಲಿ ಶೇ 35.5ರಷ್ಟು ಜನರಿಗೆ ಅಧಿಕ ರಕ್ತದೊತ್ತಡವಿದೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ವರದಿಯು, ಜಗತ್ತಿನಲ್ಲಿ ಈ ರೋಗವಿರುವ ಐವರಲ್ಲಿ ಒಬ್ಬರ ಒತ್ತಡ ಮಾತ್ರ ಹತೋಟಿಯಲ್ಲಿದೆ ಎಂದು ಹೇಳಿತು. ಔಷಧವೇನೋ ಹಳೆಯದು, ಅಗ್ಗದ್ದು, ದಿನಕ್ಕೆ ಒಮ್ಮೆ ನುಂಗಿದರೆ ಸಾಕಾಗುವಂಥದ್ದು. ಹಾಗಿದ್ದೂ ಐವರಲ್ಲಿ ನಾಲ್ವರು ಎಲ್ಲಿ ಜಾರಿಹೋಗುತ್ತಾರೆ? ಕೆಲವರ ಒತ್ತಡವನ್ನು ಯಾರೂ ಅಳೆದೇ ಇರುವುದಿಲ್ಲ. ಕೆಲವರದನ್ನು ಬೇರಾವುದೋ ಜ್ವರಕ್ಕೆ ಹೋದಾಗ ಅಳೆದಿದ್ದರೂ "ಸ್ವಲ್ಪ ಜಾಸ್ತಿ ಅದ, ಉಪ್ಪು ಕಡಿಮಿ ಮಾಡ್ರಿ" ಎಂಬಲ್ಲಿಗೆ ಮಾತು ಮುಗಿದಿರುತ್ತದೆ. ಮಾತ್ರೆ ಶುರುಮಾಡಿದವರಲ್ಲಿ ಕೆಲವರು ಎರಡನೇ ತಿಂಗಳಿಗೆ ಬರುವುದಿಲ್ಲ, ಬರುವವರಲ್ಲಿ ಕೆಲವರಿಗೆ ಒತ್ತಡ ಇಳಿಯದಿದ್ದರೂ ಅದೇ ಮಾತ್ರೆ ವರ್ಷಗಟ್ಟಲೆ ನಡೆದಿರುತ್ತದೆ. ತೂತು ಬಿದ್ದ ಕೊಡಕ್ಕೆ ನೀರು ಸುರಿಯುತ್ತ ಹೋಗುವ ಬದಲು ಒಂದೊಂದು ತೂತಿನ ಬಳಿಯೂ ಒಬ್ಬ ಮನುಷ್ಯನನ್ನು ನಿಲ್ಲಿಸುವುದೇ ಈ ಕಾರ್ಯಕ್ರಮಗಳ ಹಿಂದಿರುವ ಯೋಚನೆ.

ಅದು ಫಲ ಕೊಡುತ್ತದೆಂಬುದಕ್ಕೆ ಹೆಚ್ಚು ಸಲ ಎತ್ತಿಹೇಳುವ ಉದಾಹರಣೆ ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆ ಸಂಸ್ಥೆಯದು. 2001ರಲ್ಲಿ ಆ ಸಂಸ್ಥೆಯ ರೋಗಿಗಳಲ್ಲಿ ಶೇ 44ರಷ್ಟು ಜನರ ಒತ್ತಡ ಮಾತ್ರ ಹತೋಟಿಯಲ್ಲಿತ್ತು. 2009ರ ಹೊತ್ತಿಗೆ ಅದು ಶೇ 80ಕ್ಕೆ ಏರಿತು. ಈ ಎಂಟು ವರ್ಷಗಳಲ್ಲಿ ಅವರು ಯಾವ ಹೊಸ ಔಷಧವನ್ನೂ ಕಂಡುಹಿಡಿಯಲಿಲ್ಲ. ಒತ್ತಡವಿರುವ ಎಲ್ಲರ ಹೆಸರನ್ನೂ ಒಂದು ದಾಖಲೆಗೆ ಸೇರಿಸಿದರು, ಎಲ್ಲ ವೈದ್ಯರೂ ಒಂದೇ ಚಿಕಿತ್ಸಾ ಕ್ರಮ ಹಿಡಿಯುವಂತೆ ಮಾಡಿದರು, ಮಾತ್ರೆ ಬದಲಿಸಿದ ಎರಡರಿಂದ ನಾಲ್ಕು ವಾರಗಳಲ್ಲಿ ರೋಗಿಯು ವೈದ್ಯರನ್ನು ಕಾಯದೆ ಸಹಾಯಕ ಸಿಬ್ಬಂದಿಯ ಬಳಿಯೇ ಹಣ ಕೊಡದೆ ಒತ್ತಡ ನೋಡಿಸಿಕೊಂಡು ಹೋಗುವ ಅನುಕೂಲ ಮಾಡಿದರು, ಎರಡು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಕೊಡತೊಡಗಿದರು, ಯಾವ ಆಸ್ಪತ್ರೆ ಎಷ್ಟು ಮುಂದಿದೆ ಎಂಬುದನ್ನು ಎಲ್ಲರಿಗೂ ಕಾಣುವಂತೆ ಇಟ್ಟರು.

ಅದು ಶ್ರೀಮಂತ ದೇಶದ ಮಾತು, ನಮ್ಮ ಆಳಂದ, ಔರಾದ್, ಸುರಪುರದ ಹಳ್ಳಿಗಳಿಗೆ ಹೇಗೆ ಹೊಂದುತ್ತದೆ ಎಂದು ಕೇಳುವವರು ಚೀನಾದ ಹಳ್ಳಿಗಳ ಕಡೆ ನೋಡಬಹುದು. ಅಲ್ಲಿ 326 ಹಳ್ಳಿಗಳ ಸುಮಾರು 34,000 ಜನರನ್ನು ಒಳಗೊಂಡ ಪ್ರಯೋಗದಲ್ಲಿ, ಪೂರ್ಣ ಪ್ರಮಾಣದ ವೈದ್ಯಕೀಯ ಪದವಿಯಿಲ್ಲದ ಹಳ್ಳಿವೈದ್ಯರಿಗೆ ಸರಳ ಕ್ರಮವೊಂದನ್ನು ಕಲಿಸಿ, ಮಾತ್ರೆಯನ್ನು ಉಚಿತವಾಗಿ ಇಲ್ಲವೇ ಕಡಿಮೆ ಬೆಲೆಗೆ ಒದಗಿಸಿ ನೋಡಿದರು. ಹದಿನೆಂಟು ತಿಂಗಳ ನಂತರ, 130/80ರ ಕೆಳಗೆ ಎಂಬ ಬಿಗಿಯಾದ ಗುರಿಯನ್ನು ಆ ಹಳ್ಳಿಗಳ ಶೇ 57ರಷ್ಟು ಜನ ಮುಟ್ಟಿದ್ದರೆ, ಮಾಮೂಲು ಚಿಕಿತ್ಸೆ ನಡೆದ ಹಳ್ಳಿಗಳಲ್ಲಿ ಶೇ 20ರಷ್ಟು ಜನ ಮಾತ್ರ ಮುಟ್ಟಿದ್ದರು. ಬಾಂಗ್ಲಾದೇಶ, ಪಾಕಿಸ್ತಾನ ಮತ್ತು ಶ್ರೀಲಂಕಾದ ಹಳ್ಳಿಗಳಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಂಥ ಆರೋಗ್ಯ ಸಿಬ್ಬಂದಿ ಮನೆಗೆ ಹೋಗಿ ಒತ್ತಡ ಅಳೆದು ಬುದ್ಧಿ ಹೇಳಿದ ಮತ್ತೊಂದು ಪ್ರಯೋಗದಲ್ಲಿ, ಎರಡು ವರ್ಷದ ಕೊನೆಗೆ ಮೇಲಿನ ಅಂಕಿಯು ಉಳಿದ ಹಳ್ಳಿಗಳಿಗಿಂತ ಸರಾಸರಿ 5ರಷ್ಟು ಹೆಚ್ಚು ಇಳಿದಿತ್ತು. ಒಬ್ಬ ವ್ಯಕ್ತಿಗೆ ಇದು ಸಣ್ಣ ಅಂಕಿ, ಇಡೀ ತಾಲೂಕಿಗೆ ಹರಡಿದರೆ ತಪ್ಪಿದ ಲಕ್ವಾಗಳ ಲೆಕ್ಕ.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಅಚ್ಚುಕಟ್ಟಾದ ರೂಪ ಸಿಕ್ಕಿದ್ದು 2017ರ ನವೆಂಬರ್‌ನಲ್ಲಿ ಆರಂಭವಾದ ‘ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮ’ದಿಂದ. ಕೇಂದ್ರ ಆರೋಗ್ಯ ಸಚಿವಾಲಯ, ವೈದ್ಯಕೀಯ ಸಂಶೋಧನಾ ಮಂಡಳಿ, ವಿಶ್ವ ಆರೋಗ್ಯ ಸಂಸ್ಥೆ ಮೊದಲಾದವು ಸೇರಿ ನಡೆಸಿದ ಇದು ಮೊದಲು ಐದು ರಾಜ್ಯಗಳ 25 ಜಿಲ್ಲೆಗಳಲ್ಲಿ ಕಾಲಿಟ್ಟಿತು. ಆ ಐದರಲ್ಲಿ ತೆಲಂಗಾಣ ಮತ್ತು ಮಹಾರಾಷ್ಟ್ರ, ಅಂದರೆ ಬೀದರ್‌ನ ಎರಡು ಮಗ್ಗುಲಿನ ನೆರೆಯವರು ಇದ್ದರು. ಕರ್ನಾಟಕ ಆ ಮೊದಲ ಸಾಲಿನಲ್ಲಿ ಇರಲಿಲ್ಲ. 2022ರಲ್ಲಿ ಇದಕ್ಕೆ ವಿಶ್ವಸಂಸ್ಥೆಯ ಪ್ರಶಸ್ತಿ ಬಂದ ಹೊತ್ತಿಗೆ ಇದರಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆಯುತ್ತಿದ್ದವರ ಸಂಖ್ಯೆ 34 ಲಕ್ಷ ಮೀರಿತ್ತು, ಅವರಲ್ಲಿ ಸುಮಾರು ಅರ್ಧದಷ್ಟು ಜನರ ಒತ್ತಡ ಹತೋಟಿಯಲ್ಲಿತ್ತು. ಒಂದೇ ಚಿಕಿತ್ಸಾ ಕ್ರಮ, ಮುಗಿಯದ ಮಾತ್ರೆ ದಾಸ್ತಾನು, ಕೆಲಸದ ಹಂಚಿಕೆ, ರೋಗಿಯ ಮನೆಯ ಹತ್ತಿರದಲ್ಲೇ ಸೇವೆ, ಹೆಸರು ಹಿಡಿದು ಇಡುವ ಲೆಕ್ಕ ಎಂಬ ಅದರ ಐದು ಸೂತ್ರಗಳು ಕೇಳಲು ತೀರ ಸಪ್ಪೆ. ಉಪಕೇಂದ್ರದ ಒಳಗೆ ಹೋಗಿ ನೋಡಿದರೆ ಒಂದೊಂದರಲ್ಲೂ ಎಷ್ಟು ಕಷ್ಟವಿದೆಯೆಂಬುದು ತಿಳಿಯುತ್ತದೆ.

ಅಳೆಯುವುದನ್ನೇ ತೆಗೆದುಕೊಳ್ಳಿ. ಸಂತೆಯ ದಿನ ಹೊತ್ತೇರುವ ಮೊದಲೇ ಬಂದ ಎಪ್ಪತ್ತರ ಮುತ್ಯಾ ಒಬ್ಬರು ಬಾಗಿಲಲ್ಲೇ ಅಂಗಿಯ ತೋಳು ಎಳೆದುಕೊಂಡು ಕೈ ಚಾಚುತ್ತಾರೆ. "ಲಗೂ ನೋಡಿ ಕಳಸ್ರಿ ಮೇಡಂ, ಬಸ್ ಹೋಗ್ತದ." ಸಮುದಾಯ ಆರೋಗ್ಯ ಅಧಿಕಾರಿ, ಊರವರ ಬಾಯಲ್ಲಿ ಸಿಎಚ್‌ಒ ಮೇಡಂ, ಕುರ್ಚಿ ತೋರಿಸುತ್ತಾರೆ. "ಮುತ್ಯಾ, ಜರ ಬೆನ್ನು ಆನಿಸಿ ಕೂಡ್ರಿ. ಚಾ ಕುಡದು ಎಷ್ಟೊತ್ತಾತು? ತಂಬಾಕ ಬಾಯಾಗ ಅದ ಏನು?" ಬಾಯಲ್ಲಿ ತಂಬಾಕು ಇದೆ. ಬಾಯಿ ತೊಳೆಸಿ ಅರ್ಧ ಗಂಟೆ ಕೂರಿಸಿದರೆ ಬಸ್ಸು ತಪ್ಪುತ್ತದೆ, ಕೂರಿಸದಿದ್ದರೆ ಅಂಕಿ ತಪ್ಪುತ್ತದೆ. ನಡೆದು ಬಂದ ಆಯಾಸ ಆರುವಂತೆ ಕನಿಷ್ಠ ಐದು ನಿಮಿಷ ಸುಮ್ಮನೆ ಕೂತಿರಬೇಕು, ಕಾಲು ಕತ್ತರಿ ಹಾಕದೆ ನೆಲಕ್ಕೆ ಊರಿರಬೇಕು, ಕೈ ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಆತುಕೊಂಡಿರಬೇಕು, ಯಂತ್ರದ ಪಟ್ಟಿಯನ್ನು ಬಟ್ಟೆಯ ಮೇಲೆ ಸುತ್ತದೆ ಬರಿದೋಳಿಗೆ ಸುತ್ತಬೇಕು, ಮೂತ್ರ ಕಟ್ಟಿಕೊಂಡಿರಬಾರದು, ಅಳೆಯುವಾಗ ಮಾತಾಡಬಾರದು. ಇವುಗಳಲ್ಲಿ ಯಾವುದು ತಪ್ಪಿದರೂ ಅಂಕಿ ಸಾಮಾನ್ಯವಾಗಿ ಮೇಲಕ್ಕೇ ಜಾರುತ್ತದೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೂ ಹಾಗೆಯೇ. ಒಂದೆರಡು ನಿಮಿಷ ಬಿಟ್ಟು ಎರಡನೆಯ ಸಲ ಅಳೆಯುವುದು ಕ್ರಮ. 138 ಇದ್ದವರನ್ನು 146 ಎಂದು ಬರೆದರೆ ಬೇಡದ ಮಾತ್ರೆ ಅವರ ಪಾಲಾಗುತ್ತದೆ. ಅವಸರದಲ್ಲಿ ಅಳೆಯದೆಯೇ 130/80 ಎಂದು ದುಂಡಗೆ ಬರೆದುಬಿಟ್ಟರೆ ಅದಕ್ಕಿಂತ ದೊಡ್ಡ ಕೇಡು. ರಿಜಿಸ್ಟರಿನ ಒಂದು ಪುಟದಲ್ಲಿ ಸೊನ್ನೆಯಲ್ಲಿ ಮುಗಿಯುವ ಅಂಕಿಗಳೇ ತುಂಬಿದ್ದರೆ ಆ ಪುಟವನ್ನು ನಾನು ನಂಬುವುದಿಲ್ಲ.

ಚಿಕಿತ್ಸಾ ಕ್ರಮವು ಮೆಟ್ಟಿಲುಗಳಂತೆ ಇರುತ್ತದೆ. ರಾಜ್ಯದಿಂದ ರಾಜ್ಯಕ್ಕೆ ತುಸು ವ್ಯತ್ಯಾಸವಿದ್ದರೂ, ಸಾಮಾನ್ಯವಾಗಿ ಅಮ್ಲೋಡಿಪಿನ್ 5 ಮಿಲಿಗ್ರಾಂನಿಂದ ಶುರು. ತಿಂಗಳ ನಂತರವೂ 140/90ರ ಕೆಳಗೆ ಬಾರದಿದ್ದರೆ ಟೆಲ್ಮಿಸಾರ್ಟಾನ್ 40 ಸೇರಿಸುವುದು. ಆಮೇಲೆ ಪ್ರಮಾಣ ಏರಿಸುವುದು. ಅದಕ್ಕೂ ಬಗ್ಗದಿದ್ದರೆ ಮೂತ್ರವರ್ಧಕವಾದ ಕ್ಲೋರ್‌ಥ್ಯಾಲಿಡೋನ್ ಸೇರಿಸುವುದು. ಮೊದಲ ಮಾತ್ರೆ ಬರೆಯುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಒತ್ತಡ ಹತೋಟಿಗೆ ಬಂದವರಿಗೆ ಪ್ರತಿ ತಿಂಗಳು ಅಳೆದು ಮಾತ್ರೆ ಕೊಡುವವರು ಉಪಕೇಂದ್ರದ ಸಿಎಚ್‌ಒ. ರೋಗಿಗೆ ರೋಗಿ ಬೇರೆಯಲ್ಲವೇ, ಎಲ್ಲರಿಗೂ ಒಂದೇ ಅಚ್ಚಿನ ಚಿಕಿತ್ಸೆ ಸರಿಯೇ ಎಂಬ ಆಕ್ಷೇಪವನ್ನು ಕೆಲವು ವೈದ್ಯರೇ ಎತ್ತುತ್ತಾರೆ. ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ, ಆದರೆ ಹತ್ತು ವೈದ್ಯರು ಹತ್ತು ಬಗೆಯ ಮಾತ್ರೆ ಬರೆದರೆ ಉಪಕೇಂದ್ರದ ಕಪಾಟಿನಲ್ಲಿ ಹತ್ತೂ ಇರಲು ಸಾಧ್ಯವಿಲ್ಲ, ಇಲ್ಲದ ಮಾತ್ರೆಯಿಂದ ಯಾರ ಒತ್ತಡವೂ ಇಳಿಯುವುದಿಲ್ಲ. ಕ್ರಮಕ್ಕೆ ಹೊಂದದವರನ್ನು ಗುರುತಿಸಿ ಮೇಲಕ್ಕೆ ಕಳಿಸುವುದೂ ಕ್ರಮದ ಭಾಗವೇ. ಬಸುರಿಯರಿಗೆ ಟೆಲ್ಮಿಸಾರ್ಟಾನ್ ಕೊಡುವಂತಿಲ್ಲ, ಅವರ ದಾರಿಯೇ ಬೇರೆ. ಚಿಕ್ಕ ವಯಸ್ಸಿನಲ್ಲೇ ಒತ್ತಡ ಏರಿದವರು, ಮೂರು ಮಾತ್ರೆಗೂ ಬಗ್ಗದವರು, ಮೂತ್ರಪಿಂಡದ ತೊಂದರೆ ಇರುವವರು ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿಗೆ ಹೋಗಬೇಕಾದವರು. ಅಂಕಿ 180/110 ಮುಟ್ಟಿದ್ದರೆ ಮತ್ತೊಂದು ದಿನಕ್ಕೆ ಕಾಯದೆ ಅಂದೇ ವೈದ್ಯರ ಮುಂದೆ ನಿಲ್ಲಿಸಬೇಕು. ಜೊತೆಗೆ ಎದೆನೋವು, ಮಾತು ತೊದಲುವುದು, ಮುಖ ಸೊಟ್ಟಗಾಗುವುದು ಕಂಡರೆ 108ಕ್ಕೆ ಕರೆ ಮಾಡಬೇಕು.

ಇನ್ನು ಮಾತ್ರೆಯ ಲೆಕ್ಕ. ಬಯಲುಸೀಮೆಯಲ್ಲಿ ಒಂದು ಉಪಕೇಂದ್ರಕ್ಕೆ 5,000 ಜನಸಂಖ್ಯೆ, ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಎಂಬುದು ಸರ್ಕಾರದ ಮಾನದಂಡ. ಒಂದು ಉಪಕೇಂದ್ರದ ಪಟ್ಟಿಯಲ್ಲಿ 400 ಜನ ಇದ್ದಾರೆಂದು ಇಟ್ಟುಕೊಳ್ಳೋಣ. ದಿನಕ್ಕೊಂದು ಅಮ್ಲೋಡಿಪಿನ್ ಎಂದರೆ ತಿಂಗಳಿಗೆ 12,000 ಮಾತ್ರೆ, ವರ್ಷಕ್ಕೆ ಒಂದೂವರೆ ಲಕ್ಷದ ಹತ್ತಿರ. ಅರ್ಧ ಜನಕ್ಕೆ ಟೆಲ್ಮಿಸಾರ್ಟಾನ್ ಕೂಡ ಬೇಕಾದರೆ ತಿಂಗಳಿಗೆ ಇನ್ನೂ 6,000. ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಮೂಲಕ ಬರುವ ಮಾತ್ರೆಗೆ ಬೇಡಿಕೆ ಕಳಿಸುವಾಗ ‘ಕಳೆದ ವರ್ಷ ಎಷ್ಟು ಖರ್ಚಾಯಿತು’ ಎಂದು ನೋಡಿ ಬರೆದರೆ ಬರಗಾಲ ತಪ್ಪದು, ಏಕೆಂದರೆ ಕಳೆದ ವರ್ಷ ಮಾತ್ರೆ ಇಲ್ಲದೆ ವಾಪಸು ಹೋದವರು ಖರ್ಚಿನ ಲೆಕ್ಕದಲ್ಲಿ ಇರುವುದಿಲ್ಲ. ಪಟ್ಟಿಯಲ್ಲಿರುವ ತಲೆಗಳನ್ನು ಎಣಿಸಿ ಬೇಡಿಕೆ ಬರೆಯಬೇಕು. ಮೂವತ್ತು ಮಾತ್ರೆಗೆ ಬಂದವರಿಗೆ ಹತ್ತು ಕೊಟ್ಟು "ಮುಂದಿನ ವಾರ ಬರ್ರಿ" ಎಂದರೆ, ದಿನಗೂಲಿ ಬಿಟ್ಟು ಬಂದ ಹೆಣ್ಣುಮಗಳು ಮುಂದಿನ ವಾರ ಬರುವುದಿಲ್ಲ. ಸರಬರಾಜುದಾರ ಬದಲಾದಾಗ ಮಾತ್ರೆಯ ಬಣ್ಣ, ಗಾತ್ರ ಬದಲಾಗುತ್ತವೆಂಬುದೂ ಸಣ್ಣ ಮಾತಲ್ಲ: "ಆ ಬಿಳಿ ಗುಳಿಗಿ ಚಲೋ ಇತ್ತು, ಈ ಹಳದಿ ನಂಗ ಹಿಡಿಸಲ್ಲ" ಎಂದು ನಮ್ಮ ಆಯಿ ಹೊಸದನ್ನು ಡಬ್ಬಿಯಲ್ಲೇ ಬಿಟ್ಟದ್ದು ಉಂಟು. ಟೆಲ್ಮಿಸಾರ್ಟಾನ್ ತೇವ ಹೀರುವ ಔಷಧವಾದ್ದರಿಂದ ಅದನ್ನು ಹಾಳೆಯಿಂದ ಬಿಡಿಸಿ ಪುಡಿಕೆ ಕಟ್ಟಿ ಇಡಬಾರದು.

ಜನ ಮಾತ್ರೆ ಬಿಡುವುದಕ್ಕೆ ಕಾರಣವನ್ನು ಅವರ ಉದಾಸೀನಕ್ಕೆ ಕಟ್ಟುವುದು ಸುಲಭ. ಅಮ್ಲೋಡಿಪಿನ್ ಕೆಲವರಿಗೆ ಪಾದ ಊದಿಸುತ್ತದೆ, ಊದಿದ ಕಾಲು ನೋಡಿ "ಕಿಡ್ನಿ ಹೋತು" ಎಂದು ಹೆದರಿ ಅವರು ಸದ್ದಿಲ್ಲದೆ ಬಿಟ್ಟಿರುತ್ತಾರೆ. ಕೇಳಿದರೆ ಹೇಳುತ್ತಾರೆ, ಕೇಳುವವರು ಬೇಕು. ಇನ್ನೊಂದು ಅಪಾಯ ನಮ್ಮ ದುಡಿಯುವ ಜನರಲ್ಲಿ ಹೆಚ್ಚು: ಕಲ್ಲು ಹೊತ್ತು, ಕಳೆ ತೆಗೆದು ಬಂದವರು ಮೈಕೈ ನೋವಿಗೆ ಕಿರಾಣಿ ಅಂಗಡಿಯ ಬಿಡಿ ಗುಳಿಗೆಯನ್ನೋ, ಪುಟ್ಟ ದವಾಖಾನೆಯ ಸೂಜಿಯನ್ನೋ ವಾರಕ್ಕೆರಡು ಸಲ ತೆಗೆದುಕೊಳ್ಳುತ್ತಾರೆ. ಡೈಕ್ಲೋಫಿನಾಕ್‌ನಂಥ ನೋವಿನ ಔಷಧಗಳು ಒತ್ತಡವನ್ನು ಏರಿಸುತ್ತವೆ, ಟೆಲ್ಮಿಸಾರ್ಟಾನ್ ಮತ್ತು ಮೂತ್ರವರ್ಧಕದ ಜೊತೆ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಒತ್ತಡ ಇಳಿಯದವರಿಗೆ ಮಾತ್ರೆ ಏರಿಸುವ ಮೊದಲು ನೋವಿನ ಗುಳಿಗೆ ತೆಗೆದುಕೊಳ್ಳುತ್ತೀರಾ ಎಂಬ ಈ ಒಂದು ಪ್ರಶ್ನೆ ಕೇಳಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಉಪ್ಪಿನ ಬಗ್ಗೆ ಎಲ್ಲರೂ ಹೇಳುತ್ತಾರೆ, ಅಳತೆ ಹೇಳುವವರು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಹೆಚ್ಚೆಂದರೆ ಒಂದು ಚಹಾ ಚಮಚೆ. ಐದು ಜನ ದೊಡ್ಡವರಿರುವ ಮನೆಗೆ ದಿನಕ್ಕೆ 25 ಗ್ರಾಂ ಆಯಿತು, ಒಂದು ಕಿಲೋ ಪಾಕೀಟು ನಲವತ್ತು ದಿನ ಬರಬೇಕು. ನಿಮ್ಮ ಮನೆಯ ಪಾಕೀಟಿನ ಮೇಲೆ ಒಡೆದ ತಾರೀಖು ಬರೆದಿಟ್ಟು ನೋಡಿ; ಇಪ್ಪತ್ತೈದು ದಿನಕ್ಕೆ ಮುಗಿದರೆ ಯಾರ ಉಪದೇಶವೂ ಬೇಕಾಗುವುದಿಲ್ಲ. ನಮ್ಮ ಜೋಳದ ರೊಟ್ಟಿಗೆ ಸಾಮಾನ್ಯವಾಗಿ ಉಪ್ಪು ಹಾಕುವುದಿಲ್ಲ, ಅದು ನಮ್ಮ ಊಟದ ದೊಡ್ಡ ಗುಣ. ಉಪ್ಪು ಬರುವುದು ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂಜೆಯ ಮಿರ್ಚಿ ಭಜಿಯಿಂದ. ಸೈಂಧವ ಉಪ್ಪು ತಿಂದರೆ ಒತ್ತಡ ಏರುವುದಿಲ್ಲವೆಂಬ ನಂಬಿಕೆಗೆ ಆಧಾರವಿಲ್ಲ, ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಬೆರೆಸಿದ ಉಪ್ಪಿನಿಂದ ಚೀನಾದ 600 ಹಳ್ಳಿಗಳಲ್ಲಿ ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಾದದ್ದು 2021ರಲ್ಲಿ ವರದಿಯಾಗಿದೆ; ಆದರೆ ಮೂತ್ರಪಿಂಡದ ತೊಂದರೆ ಇರುವವರು, ಟೆಲ್ಮಿಸಾರ್ಟಾನ್ ನುಂಗುವವರು ಅದನ್ನು ವೈದ್ಯರನ್ನು ಕೇಳದೆ ಬಳಸಬಾರದು.

ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗುವುದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದುದು, ಲೆಕ್ಕ ಹಾಕುವ ಬಗೆ. ಮೇಲಿನ ಉಪಕೇಂದ್ರದ 400 ಜನರಲ್ಲಿ ಕಳೆದ ಮೂರು ತಿಂಗಳಲ್ಲಿ 250 ಜನ ಬಂದರು, ಅವರಲ್ಲಿ 200 ಜನರ ಒತ್ತಡ 140/90ರ ಕೆಳಗಿತ್ತು ಎಂದುಕೊಳ್ಳಿ. ಬಂದವರ ಮೇಲೆ ಭಾಗಿಸಿದರೆ ಶೇ 80, ಜಿಲ್ಲಾ ಸಭೆಯಲ್ಲಿ ಚಪ್ಪಾಳೆ. ಪಟ್ಟಿಯಲ್ಲಿರುವವರ ಮೇಲೆ ಭಾಗಿಸಿದರೆ ಶೇ 50. ಕೆಲಸ ಒಂದೇ, ಅಂಕಿ ಎರಡು. ಒಳ್ಳೆಯ ಕಾರ್ಯಕ್ರಮಗಳು ಎರಡನೆಯದನ್ನೇ ಹಿಡಿಯುತ್ತವೆ: ಮೂರು ತಿಂಗಳಿಗಿಂತ ಹಿಂದೆ ನೋಂದಣಿಯಾದವರೆಲ್ಲ ಭಾಜಕದಲ್ಲಿ ಇರಲೇಬೇಕು, ಮೂರು ತಿಂಗಳಲ್ಲಿ ಒಮ್ಮೆಯೂ ಕಾಣಿಸದವರನ್ನು ಹತೋಟಿಯಲ್ಲಿಲ್ಲದವರ ಜೊತೆಗೇ ಎಣಿಸಬೇಕು. ಉಳಿದ 150 ಜನರ ಹೆಸರಿನ ಪಟ್ಟಿ ಪ್ರತಿ ತಿಂಗಳು ಆಶಾ ಕಾರ್ಯಕರ್ತೆಯ ಕೈಗೆ ಹೋಗಬೇಕು. ಮೊದಲು ಫೋನು, ಸಿಗದಿದ್ದರೆ ಮನೆ ಬಾಗಿಲು. ಬಂದವರಿಗೆ ಚಿಕಿತ್ಸೆ ಕೊಡುವುದನ್ನು ಯಾವ ಆಸ್ಪತ್ರೆಯೂ ಮಾಡುತ್ತದೆ. ಬಾರದವರ ಪಟ್ಟಿ ಇಟ್ಟಿದ್ದರೆ ಮಾತ್ರ ಅದನ್ನು ಕಾರ್ಯಕ್ರಮ ಎನ್ನಬಹುದು.

ಕಲಬುರಗಿ, ಬೀದರ್, ಯಾದಗಿರಿ ಮೂರು ಜಿಲ್ಲೆಗಳಲ್ಲೂ ಇದಕ್ಕೆ ಬೇಕಾದ ಚೌಕಟ್ಟು ಕಾಗದದ ಮೇಲೆ ಇದೆ. ಮೂವತ್ತು ದಾಟಿದ ಎಲ್ಲರನ್ನೂ ಆಶಾ ಕಾರ್ಯಕರ್ತೆಯರು ಪ್ರಶ್ನಾವಳಿಯೊಂದಿಗೆ ನೋಂದಾಯಿಸುವ ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ಕಾರ್ಯಕ್ರಮ, ಉಪಕೇಂದ್ರಗಳನ್ನು ಮೇಲ್ದರ್ಜೆಗೇರಿಸಿ ಸಿಎಚ್‌ಒಗಳನ್ನು ನೇಮಿಸಿದ ಆಯುಷ್ಮಾನ್ ಆರೋಗ್ಯ ಮಂದಿರಗಳು, ಪಟ್ಟಣಗಳ ‘ನಮ್ಮ ಕ್ಲಿನಿಕ್’ಗಳು, ಮನೆಬಾಗಿಲಿಗೆ ಹೋಗಿ ತಪಾಸಣೆ ಮಾಡಿ ಮಾತ್ರೆ ತಲುಪಿಸುವ ಉದ್ದೇಶದಿಂದ ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಲ್ಲಿ ಆರಂಭಿಸಿದ ಗೃಹ ಆರೋಗ್ಯ ಯೋಜನೆ, ಇವೆಲ್ಲ ಅದರ ಭಾಗಗಳು. ಹೃದಯದ ದೊಡ್ಡ ಚಿಕಿತ್ಸೆಗೆ ಕಲಬುರಗಿಯಲ್ಲೇ ಜಯದೇವ ಸಂಸ್ಥೆಯ ಆಸ್ಪತ್ರೆಯೂ ಇದೆ. ಆದರೆ ದೇಶಕ್ಕೆಲ್ಲ ಒಂದೇ ಅಳತೆಯಲ್ಲಿ ಹೊಲಿದ ಅಂಗಿ ನಮ್ಮ ಕಡೆಯ ಎರಡು ಸಂಗತಿಗಳಿಗೆ ಹೊಂದುವುದಿಲ್ಲ.

ಒಂದು, ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ತಾಪ 42–43 ಡಿಗ್ರಿ ಮುಟ್ಟುವಾಗ ರಕ್ತನಾಳಗಳು ಹಿಗ್ಗುತ್ತವೆ, ಬೆವರಿನಲ್ಲಿ ನೀರೂ ಉಪ್ಪೂ ಹೋಗುತ್ತದೆ, ಒತ್ತಡ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಚಳಿಗಾಲಕ್ಕೆ ಹೊಂದಿಸಿದ್ದ ಪೂರ್ತಿ ಪ್ರಮಾಣದ ಮಾತ್ರೆ, ಅದರಲ್ಲೂ ಮೂತ್ರವರ್ಧಕ, ನುಂಗಿ ಹೊಲಕ್ಕೆ ಹೋದವರಿಗೆ ಎದ್ದು ನಿಂತಾಗ ಚಕ್ಕರ್ ಬರಬಹುದು. ಆಗ ತಾವಾಗಿಯೇ ಎಲ್ಲ ಮಾತ್ರೆ ನಿಲ್ಲಿಸಿಬಿಡುತ್ತಾರೆ, ಮಳೆಗಾಲ ಬಂದು ಒತ್ತಡ ಮತ್ತೆ ಏರಿದರೂ ಶುರುಮಾಡುವುದಿಲ್ಲ. ಬೇಸಿಗೆ ಹತ್ತುವ ಮೊದಲೇ ಒತ್ತಡವನ್ನು ನಿಂತ ಭಂಗಿಯಲ್ಲೂ ಒಮ್ಮೆ ಅಳೆದು, ಬೇಕಿದ್ದರೆ ವೈದ್ಯರಿಂದ ಪ್ರಮಾಣ ತಗ್ಗಿಸಿ, ‘ನಿಲ್ಲಿಸಬೇಡಿ, ಬಂದು ಕೇಳಿ’ ಎಂದು ಹೇಳಿ ಕಳಿಸುವುದು ಇಲ್ಲಿಯ ಪದ್ಧತಿಯಾಗಬೇಕು.

ಎರಡನೆಯದು ಗುಳೆ. ರಾಶಿ ಮುಗಿದ ಮೇಲೆ ಯಾದಗಿರಿ, ಕಲಬುರಗಿ ಜಿಲ್ಲೆಗಳ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಮಂದಿ ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈ ಸೇರುತ್ತಾರೆ. ಬಾರದವರ ಪಟ್ಟಿ ಹಿಡಿದು ಹೋದ ಆಶಾ ಅಕ್ಕನಿಗೆ ಸಿಗುವುದು ಆ ಬೀಗ. ಪಟ್ಟಿಯಲ್ಲಿ ‘ಊರಲ್ಲಿಲ್ಲ’ ಎಂದು ಬರೆದು ಮುಂದಿನ ಮನೆಗೆ ಹೋಗುವುದನ್ನು ಬಿಟ್ಟರೆ ಆಕೆಗೆ ಬೇರೆ ದಾರಿಯನ್ನು ಯಾರೂ ಹೇಳಿಕೊಟ್ಟಿಲ್ಲ. ಹೋದ ಮೇಲೆ ಹುಡುಕುವುದಕ್ಕಿಂತ ಹೋಗುವ ಮೊದಲು ಹಿಡಿಯುವುದೇ ಸರಿ: ಯಾರು ಹೋಗುತ್ತಾರೆ, ಯಾವ ಊರಿಗೆ, ಯಾವ ಹಬ್ಬಕ್ಕೆ ಮರಳುತ್ತಾರೆ ಎಂಬುದು ಹಳ್ಳಿಯಲ್ಲಿ ಗುಟ್ಟಿನ ವಿಷಯವಲ್ಲ. ಕೋವಿಡ್ ಕಾಲದಲ್ಲಿ ಇಂಥ ದೀರ್ಘಕಾಲದ ರೋಗಿಗಳಿಗೆ ಮೂರು ತಿಂಗಳವರೆಗಿನ ಮಾತ್ರೆಯನ್ನು ಒಮ್ಮೆಲೇ ಕೊಡಲು ಕೇಂದ್ರ ಸರ್ಕಾರ ಅವಕಾಶ ಕೊಟ್ಟಿತ್ತು. ಒತ್ತಡ ಹತೋಟಿಯಲ್ಲಿರುವ ಗುಳೆಯವರಿಗೆ ಅದನ್ನೇ ಕೊಡಬಹುದು. ಕಾರ್ಡಿನ ಒಂದು ನಕಲನ್ನು ಕೈಗಿಟ್ಟರೆ ಯಾವ ಊರಿನ ಸರ್ಕಾರಿ ಆಸ್ಪತ್ರೆಗೆ ಹೋದರೂ, ಜನೌಷಧಿ ಅಂಗಡಿಗೆ ಹೋದರೂ ಅದೇ ಮಾತ್ರೆಯ ಹೆಸರು ತೋರಿಸಬಹುದು.

ಕಾಕಾ ಈಗ ಕೋಲು ಊರಿಕೊಂಡು ತಾವೇ ಉಪಕೇಂದ್ರಕ್ಕೆ ಬರುತ್ತಾರೆ, ಗುಳೆ ಹೋಗುವುದಿಲ್ಲ. ಅವರ ಕಾರ್ಡಿನ ಸಾಲುಗಳು ಮತ್ತೆ ತುಂಬುತ್ತಿವೆ. ಕಳೆದ ಎಳ್ಳಮಾಸಿಯ ವಾರ ಅವರೊಂದಿಗೆ ನಾನೂ ಹೋಗಿದ್ದಾಗ ಸಿಎಚ್‌ಒ ಮೇಡಂ ಕಾರ್ಡುಗಳ ಪೆಟ್ಟಿಗೆಯನ್ನು ಮೇಜಿನ ಮೇಲೆ ಸುರಿದುಕೊಂಡು ಕೂತಿದ್ದರು. ಆಶಾ ಅಕ್ಕ ಒಂದೊಂದೇ ಹೆಸರು ಕೇಳಿ "ಇವರು ಹೋಗ್ತಾರ, ಇವರು ಇಲ್ಲೇ, ಇವರ ಮಗ ಒಬ್ಬಾಂವ ಹೋಗ್ಯಾನ" ಎನ್ನುತ್ತಿದ್ದರು. ಹೋಗುವವರ ಕಾರ್ಡಿನ ಮೂಲೆಯಲ್ಲಿ ಪೆನ್ಸಿಲ್‌ನಿಂದ ಊರಿನ ಹೆಸರು, ಒಂದು ಫೋನ್ ನಂಬರು, ಪಕ್ಕದಲ್ಲಿ ‘ಯುಗಾದಿ’ ಅಥವಾ ‘ಕಾರಹುಣ್ಣಿಮೆ’. ಹನ್ನೊಂದು ಕಾರ್ಡು ಬೇರೆಯಾದವು. ಕಪಾಟು ತೆರೆದು ನೋಡಿದರೆ ಟೆಲ್ಮಿಸಾರ್ಟಾನ್ ಇದ್ದದ್ದು ಆರು ಜನಕ್ಕೆ ಮೂರು ತಿಂಗಳು ಸಾಲುವಷ್ಟು. ಉಳಿದ ಐವರು ಯಾವಾಗ ಹೊರಡುತ್ತಾರೆ ಎಂದು ಮೇಡಂ ಕೇಳಿದರು. ಸೋಮವಾರದ ಬಸ್ಸಿಗೆ ಎಂದಳು ಆಶಾ ಅಕ್ಕ. ಅಂದು ಗುರುವಾರ. ಮೇಡಂ ಫೋನ್ ಎತ್ತಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರದ ಫಾರ್ಮಸಿಸ್ಟ್‌ಗೆ ಕರೆ ಹಚ್ಚಿದರು.